ಕಿವಿಮನೆಗೆ ಬಿದ್ದ ಕಿರಿಕಿರಿ

ನಮ್ಮ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎನ್ನುವುದು ನಮಗೆ ತಿಳಿಯಬೇಕಾದರೆ ಪಕ್ಕದ ಮನೆಯ ಹಾಲಕ್ಕ ಮನೆಯಲ್ಲಿರಬೇಕು. ಅವಳು ಸಂತೆಗೆ ಹೋದ ದಿನ ನಮ್ಮ ಬೇಳೆ ಒಂದೋ ಕಲ್ಲಾಗಿರುತ್ತದೆ, ಇಲ್ಲವೇ ಅಂಬಲಿಯಾಗಿರುತ್ತದೆ. ಇದರಲ್ಲಿ ನನ್ನ ಹೆಂಡತಿ ಸರ್ವಮಂಗಳಳ ತಪ್ಪೇನೂ ಇಲ್ಲ. ನಮ್ಮ ಊರಿನಲ್ಲಿ ಮನುಷ್ಯರ ಮಾತು ಎಲ್ಲ ಕಡೆ ಕೇಳುವ ಹಾಗೆಯೇ ಕೇಳುತ್ತದೆ. ವಸ್ತುಗಳ ಸದ್ದು ಮಾತ್ರ ಅವು ಇರುವ ಮನೆಯಲ್ಲಿ ಕೇಳುವುದಿಲ್ಲ, ಮೂಡಲ ಪಕ್ಕದ ಮನೆಗೆ ಹೋಗಿ ಬೀಳುತ್ತದೆ. ನಮ್ಮ ಕುಕ್ಕರು, ಮಿಕ್ಸಿ, ಬಾಗಿಲ ಚಿಲಕ, ಮೊಬೈಲು ಎಲ್ಲ ಸದ್ದು ಮಾಡುವುದು ಹಾಲಕ್ಕನ ಮನೆಯಲ್ಲಿ. ಅವಳ ಮನೆಯವು ಅವಳ ಆಚೆಯ ಮನೆಯಲ್ಲಿ. ನಮ್ಮ ಪಡುವಲ ಮಗ್ಗುಲಿನ ನಿರ್ವಾಣಪ್ಪ ಮೇಷ್ಟರ ಗ್ರೈಂಡರು ತಿರುಗುವುದು ಅವರ ಅಡುಗೆಮನೆಯಲ್ಲಾದರೂ ಗರ್ರೆನ್ನುವುದು ನಮ್ಮ ಪಡಸಾಲೆಯಲ್ಲಿ. ಹಸು ಅಂಬಾ ಎಂದರೆ ಅದನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಿದ್ದಾರೆ. ಅದರ ಕೊರಳಿನ ಗಂಟೆ ವಸ್ತುವಿನ ಲೆಕ್ಕ.

ನಮ್ಮ ಸದ್ದು ಬೀಳುವ ಮನೆಗೆ ಕಿವಿಮನೆ ಎನ್ನುತ್ತೇವೆ. ಕಿವಿಮನೆಯವರು ಗೋಡೆಯ ಆಚೆಯಿಂದ ಕೂಗಿ ಹೇಳಬೇಕು: 'ಕುಕ್ಕರ್ ಮೂರಾಯ್ತು', 'ಫೋನು', 'ನಲ್ಲಿ ತೊಟ್ಟಿಕ್ತೈತೆ'. ಬೀದಿಯ ಕೊನೆಯ ಮನೆಗೆ ಕಿವಿಮನೆ ಇಲ್ಲ. ಅದರ ಸದ್ದೆಲ್ಲ ಬಸ್ ನಿಲ್ಲುವ ಹೊಂಗೆಮರದ ಕೆಳಗೆ ಬೀಳುತ್ತದೆ, ಬಸ್ಸಿಗೆ ಕಾದು ನಿಂತವರು ಯಾರಾದರೂ ಪುಣ್ಯಾತ್ಮರು ಕೂಗಿ ಹೇಳಿ ಬಸ್ಸು ಹತ್ತುತ್ತಾರೆ. ಟಿ.ವಿ.ಯ ವಿಷಯದಲ್ಲಿ ಮೊದಮೊದಲು ಸ್ವಲ್ಪ ತೊಂದರೆಯಾಗಿತ್ತು. ನಾವು ಕ್ರಿಕೆಟ್ ನೋಡುವಾಗ ಮೇಷ್ಟರ ಮನೆಯ ಅತ್ತೆ ಸೊಸೆ ಧಾರಾವಾಹಿ ನಮ್ಮಲ್ಲಿ ಅಳುತ್ತಿತ್ತು. ಆಮೇಲೆ ಇಡೀ ಬೀದಿ ಒಂದೇ ಚಾನೆಲ್ ನೋಡುವುದೆಂದು ಹಿರಿಯರು ತೀರ್ಮಾನ ಮಾಡಿದರು, ಅಲ್ಲಿಗೆ ಎಲ್ಲರ ಮನೆಯಲ್ಲೂ ಯಾರದೋ ಮನೆಯ ಸದ್ದು ಸರಿಯಾಗಿ ಕೂತಿತು. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹೆಣ್ಣಿನ ಮನೆಗೆ ಮೊದಲು ಹೋಗುವುದಿಲ್ಲ. ಅವರ ಕಿವಿಮನೆಗೆ ಹೋಗಿ, ಕೊಟ್ಟ ಚಹಾ ಕುಡಿಯುತ್ತ ಸುಮ್ಮನೆ ಸ್ವಲ್ಪ ಹೊತ್ತು ಕೂತಿರುತ್ತಾರೆ. ಪಾತ್ರೆ ಇಡುವ ಸದ್ದು ಕೇಳಿಯೇ ಎಷ್ಟೋ ಸಂಬಂಧ ಮುರಿದುಬಿದ್ದಿದೆ. ಆದರೆ ತನ್ನ ಮನೆಯ ಸದ್ದನ್ನು ತಾನೇ ಹೋಗಿ ಕೇಳುವುದು ಒಳ್ಳೆಯದಲ್ಲ ಎನ್ನುತ್ತಾರೆ. ಹಿಂದೆ ಒಬ್ಬ ಹಾಗೆ ಕೇಳಲು ಹೋದವನು ಮನೆಗೆ ವಾಪಸಾಗದೆ ಅಲ್ಲಿಂದಲೇ ಮಠ ಸೇರಿದನಂತೆ.

ಇಷ್ಟೆಲ್ಲ ಗೊತ್ತಿರುವ ನಾನು, ರುದ್ರಮುನಿ ಎಂಬವನು, ನನ್ನ ಕಿವಿಮನೆಯವಳ ಜೊತೆ ಜಗಳ ಮಾಡಿಕೊಂಡೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ನನ್ನ ಹೆಸರಿನ ಮೊದಲರ್ಧ ನನ್ನ ಸಿಟ್ಟಿಗೆ, ಕೊನೆಯರ್ಧ ಆಮೇಲಿನ ಮುನಿಸಿಗೆ ಎಂದು ಸರ್ವಮಂಗಳ ಹೇಳುವುದುಂಟು.

ಜಗಳಕ್ಕೆ ಕಾರಣ ನನ್ನ ಪ್ರಿಂಟರು. ನಾನು ಮನೆಯಲ್ಲೇ ಕೂತು ಮದುವೆಯ ಬಯೋಡಾಟಾ ಮಾಡಿಕೊಡುತ್ತೇನೆ. ಹುಡುಗನ ಎತ್ತರ, ಹುಡುಗಿಯ ಬಣ್ಣ, ಗೋತ್ರ, ಓದು, ಕಿವಿಮನೆಯವರ ಹೆಸರು ಮತ್ತು ಗುಣ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಫೋಟೋ ಸಮೇತ ಕೂಡಿಸಿ ಬಣ್ಣದಲ್ಲಿ ತೆಗೆದುಕೊಡುತ್ತೇನೆ. ನನ್ನದು ಇಂಕ್‌ಜೆಟ್ ಪ್ರಿಂಟರು. ಬೆನ್ನಿಗೆ ಕಾಗದದ ತಟ್ಟೆ ನೆಟ್ಟಗೆ ನಿಂತಿರುತ್ತದೆ, ಅದರ ಬುಡದಲ್ಲಿ ಸದಾ ತೆರೆದ ಬಾಯಿ. ಅದನ್ನು ದೊಡ್ಡಮ್ಮನ ಕೋಣೆಯಲ್ಲಿ, ಅವಳ ಮಂಚಕ್ಕೆ ತಾಗಿದ ಮೇಜಿನ ಮೇಲೆ ಇಟ್ಟಿದ್ದೆ. ಮನೆಯಲ್ಲಿ ನೆಟ್ಟಗಿರುವ ಪ್ಲಗ್ ಅಲ್ಲಿ ಮಾತ್ರ ಇತ್ತು.

ದೊಡ್ಡಮ್ಮನ ಬಗ್ಗೆ ಹೇಳಬೇಕು. ಅವ್ವ ನನ್ನನ್ನು ಹೆತ್ತಳು, ಸಾಕಿದ್ದು ಅವ್ವನ ಅಕ್ಕ ಈ ದೊಡ್ಡಮ್ಮ. ಬೀದಿಗೇ ದೊಡ್ಡ ಗಂಟಲು ಅವಳದು. ನಾನು ಗೋಲಿ ಆಡಲು ಎಲ್ಲಿ ಹೋಗಿದ್ದರೂ ಕಟ್ಟೆಯ ಮೇಲೆ ನಿಂತು 'ರುದ್ರಾ, ರುದ್ರಾ, ಮುನೀಽಽಽ' ಎಂದು ಕರೆಯುತ್ತಿದ್ದಳು. ಎರಡು ಸಲ ಗಿಡ್ಡಕ್ಕೆ, ಆಮೇಲೆ ಒಂದು ಸಲ ಊರಾಚೆ ಹೋಗುವಷ್ಟು ಉದ್ದಕ್ಕೆ. ನನ್ನ ಜೊತೆಯ ಹುಡುಗರೆಲ್ಲ ಹಾಗೇ ಎಳೆದು ಅಣಕಿಸುತ್ತಿದ್ದರು. ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ಪೂರ್ತಿ ನಿಂತಿತು. ಕಣ್ಣು, ಕಿವಿ, ಬುದ್ಧಿ, ಹಟ ಎಲ್ಲ ಮೊದಲಿನಂತೆಯೇ ಉಳಿದವು. ಎಡಗೈಗೆ ದೇವರ ಮನೆಯ ಹಿತ್ತಾಳೆ ಗಂಟೆ ಕೊಟ್ಟೆವು. ನೀರು ಬೇಕಾದರೆ, ಮಗ್ಗುಲು ಬದಲಿಸಬೇಕಾದರೆ, ಹೊರಗೆ ಹೋಗಬೇಕೆನಿಸಿದರೆ ಅವಳು ಗಂಟೆ ಅಲ್ಲಾಡಿಸುತ್ತಾಳೆ. ಅದು ಹಾಲಕ್ಕನ ಮನೆಯಲ್ಲಿ ಬಾರಿಸುತ್ತದೆ. ಹಾಲಕ್ಕ ಎಲ್ಲಿದ್ದರೂ ಗೋಡೆಯ ಹತ್ತಿರ ಬಂದು, "ಲೋ, ದೊಡ್ಡಮ್ಮ ಕರೀತಾರೆ, ನಿನ್ನನ್ನೇ ಅಂತೆ" ಎಂದೋ, "ಮಂಗಳಾ, ನೀನು ಹೋಗವ್ವ" ಎಂದೋ ಕೂಗುತ್ತಾಳೆ. ಅದು ಹೇಗೆ ಇವಳಿಗೆ ನಾನೋ ನನ್ನ ಹೆಂಡತಿಯೋ ಎಂದು ಗೊತ್ತಾಗುತ್ತದೆ ಎಂದು ನಾನು ಕೇಳಿರಲಿಲ್ಲ. ಅಂದಾಜಿನ ಮೇಲೆ ಹೇಳುತ್ತಾಳೆ ಅಂದುಕೊಂಡಿದ್ದೆ. ದೊಡ್ಡಮ್ಮನ ದಿನ ಉರುಳುತ್ತಿದ್ದದ್ದು ಈ ಗಂಟೆಯ ಮೇಲೆ ಮತ್ತು ಹಾಲಕ್ಕನ ಕಿವಿಯ ಮೇಲೆ.

ಪ್ರಿಂಟರನ್ನು ದೊಡ್ಡಮ್ಮ ಬಹಳ ಹಚ್ಚಿಕೊಂಡಿದ್ದಳು. ಹಾಳೆ ಹೊರಗೆ ಬರುತ್ತಿದ್ದ ಹಾಗೆ ಎಡಗೈ ಚಾಚಿ ಹಿಡಿದು, ಹುಡುಗನ ಫೋಟೋ ನೋಡಿ, ಪರವಾಗಿಲ್ಲ ಎನಿಸಿದರೆ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು, ಇಲ್ಲದಿದ್ದರೆ ನೆಲಕ್ಕೆ ಬಿಡುತ್ತಿದ್ದಳು. ಅವಳು ನೆಲಕ್ಕೆ ಬಿಟ್ಟ ಹುಡುಗರಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ. ಗಂಟೆಯನ್ನು ಪ್ರಿಂಟರಿನ ನೆತ್ತಿಯ ಮೇಲೇ ಇಟ್ಟುಕೊಳ್ಳುತ್ತಿದ್ದಳು, ಕೈಗೆ ಸಿಗಲಿ ಎಂದು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಿವಿಮನೆಯವರು ಸದ್ದಿನ ಹೆಸರು ಹೇಳಬೇಕು, ಅಭಿಪ್ರಾಯ ಹೇಳಬಾರದು. ಗರಗರ, ಕಟಕಟ, ಚರ್ರ್, ಬುಸ್, ಗೊಟಗೊಟ. ನಮ್ಮ ಮಕ್ಕಳು ಕಾಗುಣಿತಕ್ಕಿಂತ ಮೊದಲು ಇದನ್ನು ಕಲಿಯುತ್ತವೆ. ಬಾಗಿಲು ಕಿರ್ ಎಂದರೆ ಎಣ್ಣೆ ಬಿಟ್ಟರೆ ಸಾಕು, ಕರ್ ಎಂದರೆ ಬಡಗಿಯನ್ನು ಕರೆಸಬೇಕು. ಒಂದೇ ಒಂದು ಹೆಸರನ್ನು ಮಾತ್ರ ಹಿರಿಯರು ಬೀದಿಯಲ್ಲಿ ಆಡಬಾರದೆಂದು ಕೈಬಿಟ್ಟಿದ್ದಾರೆ. ಅದು ಕಿರಿಕಿರಿ. ಅದು ಸದ್ದೂ ಹೌದು, ಬೇಜಾರೂ ಹೌದು. ಯಾವುದನ್ನು ಹೇಳಿದರು, ಯಾವುದನ್ನು ಕೇಳಿಸಿಕೊಂಡರು ಎಂದು ತೀರ್ಮಾನವಾಗದೆ ಹಿಂದೆ ಹೊಡೆದಾಟಗಳಾಗಿವೆ. ಆದ್ದರಿಂದ ಅಂಥ ಸದ್ದು ಕೇಳಿದರೆ ಕಿರ್ರುಕಿರ್ರು ಎಂದು ಎಳೆದು ಹೇಳುವುದು ಪದ್ಧತಿ.

ಆವತ್ತು ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಬೇರೆ ಊರಿನಿಂದ ಬಂದ ಗಂಡಿನ ತಂದೆಯೊಬ್ಬರು ಕೂತಿದ್ದರು. ಮಗನ ಬಯೋಡಾಟಾದಲ್ಲಿ 'ಕೋಲುಮುಖ' ಎಂದು ಹಾಕಬೇಕೋ 'ದುಂಡುಮುಖ' ಎಂದು ಹಾಕಬೇಕೋ ಎಂಬ ಚರ್ಚೆ. ನಾನು ಎರಡನ್ನೂ ಹಾಕಿ ಹಾಕಿ ತೆಗೆದು ತೋರಿಸುತ್ತಿದ್ದೆ. ಆಗ ಹಾಲಕ್ಕ ರೊಟ್ಟಿ ಹಿಟ್ಟಿನ ಕೈಯಲ್ಲೇ ಗೋಡೆಯ ಹತ್ತಿರ ಬಂದಳು.

"ರುದ್ರಮುನೀ, ನಿಮ್ಮನೇದು ಕಿರಿಕಿರಿ ಜಾಸ್ತಿ ಆಗೈತಪ್ಪ. ತಲೆ ಚಿಟ್ಟು ಹಿಡೀತೈತೆ" ಅಂದಳು.

ಗಂಡಿನ ತಂದೆ ನನ್ನ ಮುಖ ನೋಡಿದರು. ಸಿಟ್ಟು ಬಂದರೆ ನನಗೆ ಮರ್ಯಾದೆ ಜಾಸ್ತಿಯಾಗುತ್ತದೆ. ನೀನು ಹೋಗಿ ನೀವು ಬರುತ್ತದೆ. "ನಮ್ಮ ಮನೆಯೋರು ಕಿರಿಕಿರಿ ಅನ್ನಿಸಿದ್ರೆ ತಾವು ಕಿವಿಗೆ ಹತ್ತಿ ಇಟ್ಕೊಂಡು ಮಲಗಬಹುದು" ಅಂದೆ.

ಕಿವಿಮನೆಯವರಿಗೆ ಏನು ಬೇಕಾದರೂ ಅನ್ನಬಹುದು, ಹತ್ತಿಯ ಮಾತು ಆಡಬಾರದು. ಕಿವಿಗೆ ಹತ್ತಿ ಇಡುವುದು ಹೆಣಕ್ಕೆ. ಮೇಷ್ಟರ ಹೆಂಡತಿ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಹಾಲಕ್ಕ ಕೈಗೆ ಅಂಟಿದ್ದ ಹಿಟ್ಟನ್ನು ನಿಧಾನವಾಗಿ ಉಜ್ಜಿಕೊಂಡು, "ಆಯ್ತಪ್ಪ, ಇಟ್ಕಂತೀನಿ" ಎಂದು ಒಳಗೆ ಹೋದಳು. ಗಂಡಿನ ತಂದೆ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನದು ಮಾತೂ ಹೋಯಿತು, ಗಿರಾಕಿಯೂ ಹೋಯಿತು.

ಅಂದು ಮಧ್ಯಾಹ್ನ ಕುಕ್ಕರ್ ಎಷ್ಟಾಯಿತು ಎಂದು ಯಾರೂ ಹೇಳಲಿಲ್ಲ. ಸರ್ವಮಂಗಳ ಒಲೆಯ ಮುಂದೆ ಕೂತು ವಿಷಲ್ಲು ಕುಣಿಯುವುದನ್ನು ಕಣ್ಣಿನಲ್ಲಿ ಎಣಿಸಲು ನೋಡಿದಳು. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ದೋಸೆ ಸೀದಿತು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಆಯಮ್ಮ ಸದ್ದು ಹೇಳೋಕೆ ಬಂದಿತ್ತು. ಹೋಗಿ ತಪ್ಪಾಯ್ತು ಅನ್ನಿ" ಅಂದಳು. "ಸದ್ದು ಹೇಳೋಳು ಕಿರ್ರುಕಿರ್ರು ಅನ್ನಬೇಕಿತ್ತು" ಅಂದೆ. "ಕೈಯಾಗೆ ಹಿಟ್ಟಿತ್ತು, ಒಲೆ ಮ್ಯಾಲೆ ಹಂಚಿತ್ತು. ಎಳೆದು ಹೇಳಾಕೆ ಪುರುಸೊತ್ತೆಲ್ಲಿತ್ತು?" ಅಂದಳು. ನಾನು ಸೀದ ದೋಸೆ ತಿಂದೆ.

ಕುಕ್ಕರು ಹೋಗಲಿ, ಫೋನು ಹೋಗಲಿ. ಎರಡನೆಯ ದಿನದ ಹೊತ್ತಿಗೆ ನನಗೆ ಇನ್ನೊಂದು ಗೊತ್ತಾಯಿತು. ದೊಡ್ಡಮ್ಮನ ಗಂಟೆಯನ್ನೂ ಹಾಲಕ್ಕ ಹೇಳುತ್ತಿರಲಿಲ್ಲ. ನಾನು ಏನೋ ಕೆಲಸಕ್ಕೆ ಕೋಣೆಗೆ ಹೋದಾಗ ದೊಡ್ಡಮ್ಮ ಗಂಟೆ ಹಿಡಿದು ಜೋರುಜೋರಾಗಿ ಅಲ್ಲಾಡಿಸುತ್ತಿದ್ದಳು, ಹಾಸಿಗೆ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ಹಾಗೆ ಬಾರಿಸುತ್ತಿದ್ದಳೋ. ಅವಳು ನನ್ನ ಮುಖ ನೋಡದೆ ಗೋಡೆ ನೋಡಿದಳು. ಆ ಹೊತ್ತು ಹಾಲಕ್ಕನ ಮೇಲೆ ನನಗೆ ಬಂದ ಸಿಟ್ಟು ಇಷ್ಟು ಎಂದು ಹೇಳಲಾರೆ. ಅನ್ನ ಕೆಟ್ಟರೆ ಇನ್ನೊಂದು ಅಡುಗೆ ಮಾಡಬಹುದು. ಬಾಯಿಲ್ಲದ ಮುದುಕಿಯ ಗಂಟೆಯನ್ನು ಕೇಳಿಯೂ ಕೇಳದವಳ ಹಾಗೆ ಇರುವುದೆಂದರೆ ಅವಳು ಹೆಂಗಸೋ ಕಲ್ಲೋ ಅನಿಸಿತು.

ಆಮೇಲಿಂದ ನಾವು ಸರದಿಯ ಮೇಲೆ ಹೋಗಿ ದೊಡ್ಡಮ್ಮನನ್ನು ನೋಡಿಬರುತ್ತಿದ್ದೆವು. ಹೋದಾಗಲೆಲ್ಲ ಅವಳು ಗಂಟೆ ಎತ್ತಿ ಪ್ರಿಂಟರಿನ ಕಡೆ ತೋರಿಸುತ್ತಿದ್ದಳು. ಗಂಟೆ ತೋರಿಸುವುದು, ಪ್ರಿಂಟರು ತೋರಿಸುವುದು, ಮತ್ತೆ ಗಂಟೆ. ಪಾಪ, ಹಾಳೆ ಹಿಡಿಯುವ ಆಸೆ ಎಂದುಕೊಂಡು ನಾನು ಒಂದು ಹಾಳೆ ಪ್ರಿಂಟ್ ಹಾಕುತ್ತಿದ್ದೆ. ಅವಳು ಅದನ್ನು ಹಿಡಿಯುತ್ತಲೂ ಇರಲಿಲ್ಲ. ಮತ್ತೆ ತೋರಿಸುವಳು. ನಾನು ಮತ್ತೊಂದು ಹಾಕುವೆ, ಈ ಸಲ ಬಣ್ಣದಲ್ಲಿ. ಕೊನೆಗೆ ಗಂಟೆಯಿಂದ ಪ್ರಿಂಟರಿನ ತಲೆಗೆ ಕುಟ್ಟಿದಳು. "ಅತ್ತೆಗೂ ಈ ಪ್ರಿಂಟರು ಕಿರಿಕಿರಿ ಆಗೈತೆ ಕಣ್ರೀ" ಅಂದಳು ಸರ್ವಮಂಗಳ. "ಅವಳಿಗೆ ಅದರ ಸದ್ದೇ ಕೇಳಲ್ಲ, ಕಿರಿಕಿರಿ ಎಲ್ಲಿಂದ ಬಂತು?" ಎಂದೆ. ಆದರೂ ಪ್ರಿಂಟರನ್ನು ಮಂಚದಿಂದ ಸ್ವಲ್ಪ ದೂರ ಎಳೆದು, ಅದನ್ನು ರಿಪೇರಿ ಮಾಡಿಸುವುದೇ ಸರಿ ಎಂದು ತೀರ್ಮಾನಿಸಿದೆ. ಸದ್ದು ನಿಂತರೆ ಹಾಲಕ್ಕನಿಗೆ ನೆಪ ಇರುವುದಿಲ್ಲ. ನೆಪ ಇಲ್ಲದ ಮೇಲೆ ಗಂಟೆ ಹೇಳಲೇಬೇಕು. ಹೇಳದಿದ್ದರೆ ಹಿರಿಯರ ಮುಂದೆ ನಿಲ್ಲಿಸುತ್ತೇನೆ.

ರೈಲು ಜಂಕ್ಷನ್ ಇರುವ ಊರಿನಿಂದ ಒಬ್ಬ ಮೆಕ್ಯಾನಿಕ್ ಬಂದ. ಹೊರಗಿನವನು, ಒಳ್ಳೆಯ ಹುಮ್ಮಸ್ಸಿನ ಮನುಷ್ಯ. "ಒಂದು ಹಾಳೆ ಹಾಕಿ ಸಾರ್" ಎಂದು ಪ್ರಿಂಟರಿಗೆ ಕಿವಿಕೊಟ್ಟ. ಅದೇ ಹೊತ್ತಿಗೆ ಮೇಷ್ಟರ ಮನೆಯಲ್ಲಿ ಇಡ್ಲಿಗೆ ರುಬ್ಬಲು ಶುರುಮಾಡಿದರು. ನಮ್ಮ ಕೋಣೆಯೆಲ್ಲ ಗರ್ರೆಂದಿತು. ಅವನ ಮುಖ ಬಾಡಿತು. "ಏನ್ ಸಾರ್ ಇದು, ಇಷ್ಟು ಸಣ್ಣ ಮಷೀನು ಇಷ್ಟು ಸದ್ದು! ಮೋಟಾರೇ ಹೋಗಿದೆ" ಅಂದ. ಅದು ಉದ್ದಿನಬೇಳೆ ಎಂದು ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮುಂದಿನ ಮುಚ್ಚಳ ತೆಗೆದು, ಇಂಕಿನ ಡಬ್ಬಿ ಓಡಾಡುವ ಕಂಬಿಗೆ ಎಣ್ಣೆ ಹಚ್ಚಿ, ಸ್ಪಂಜು ಒರೆಸಿ, ಹಲ್ಲುಚಕ್ರದ ಧೂಳು ಊದಿ, ಕೈಯೆಲ್ಲ ನೀಲಿ ಹಳದಿ ಮಾಡಿಕೊಂಡ. ಕೊನೆಗೆ ಎಲ್ಲ ಸೇರಿ ಕಪ್ಪಾಯಿತು. ಎಲ್ಲಾ ಬಣ್ಣ ಮಸಿ ನುಂಗಿತು ಎನ್ನುವ ಗಾದೆಯನ್ನು ನಾನು ಕಣ್ಣಾರೆ ನೋಡಿದ್ದು ಆವತ್ತೇ. ಅವನು ಮುಚ್ಚಳ ಹಾಕುವುದಕ್ಕೂ ಅಲ್ಲಿ ರುಬ್ಬುವುದು ಮುಗಿಯುವುದಕ್ಕೂ ಸರಿಹೋಯಿತು. "ನೋಡಿ ಸಾರ್, ಬೆಣ್ಣೆ!" ಅಂದ. ಅವನು ಎಷ್ಟು ಸಂತೋಷದಲ್ಲಿದ್ದನೆಂದರೆ ನಿಜ ಹೇಳಲು ನನಗೆ ಮನಸ್ಸಾಗಲಿಲ್ಲ. ಊಟ ಹಾಕಿ ಕಳಿಸಿದೆವು. ದೊಡ್ಡಮ್ಮ ಅವನಿಗೂ ಗಂಟೆ ತೋರಿಸಿದಳು. ಅವನು ದೇವರ ಗಂಟೆ ಎಂದು ಕಣ್ಣಿಗೊತ್ತಿಕೊಂಡು ಹೋದ.

ರಿಪೇರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಕೇಳಿ ಹೇಳಬೇಕಾದವಳು ಹಾಲಕ್ಕ. ನಾನು ಹೋಗಲಾರೆ. ಸರ್ವಮಂಗಳ, "ಹತ್ತಿ ಇಟ್ಕೊಳ್ಳಿ ಅಂದೋರು ಹೋಗಿ ಹತ್ತಿ ತೆಗೀರಿ" ಎಂದು ಕೈ ಝಾಡಿಸಿಬಿಟ್ಟಳು. ಸದ್ದು ಹೋಗಿದ್ದರೆ ತಾನಾಗಿ ಕುಕ್ಕರ್ ಹೇಳುತ್ತಾಳೆ ಎಂದು ನಾನು ಕಾದೆ. ಗೋಡೆಯ ಆಚೆಯಿಂದ ಉಸಿರಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ದೊಡ್ಡಮ್ಮ ಬಿದ್ದಳು. ನಾವಿಬ್ಬರೂ ಹಿತ್ತಲಲ್ಲಿ ಇದ್ದೆವು. ಬಿದ್ದ ಸದ್ದು ನಮಗೆ ಕೇಳಲಿಲ್ಲ. ಬಂದು ನೋಡಿದರೆ ಮಂಚಕ್ಕೂ ಮೇಜಿಗೂ ನಡುವೆ, ನಾನು ದೂರ ಎಳೆದಿದ್ದ ಪ್ರಿಂಟರಿನ ಕಡೆ ಎಡಗೈ ಚಾಚಿಕೊಂಡು ಬಿದ್ದಿದ್ದಳು. ಮೊಣಕೈ ತರಚಿತ್ತು, ಹಣೆಯಲ್ಲಿ ಬುಗುಟು ಎದ್ದಿತ್ತು. ಗಂಟೆ ಕೈಯಲ್ಲೇ ಇತ್ತು. ಎತ್ತಿ ಮಲಗಿಸಿದೆ. ಅವಳು ಅಳುತ್ತಿರಲಿಲ್ಲ. ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡುತ್ತಿದ್ದಳು. ನಾನು ಅದನ್ನೂ ನೋವು ಎಂದುಕೊಂಡೆ.

ನೇರ ಹಾಲಕ್ಕನ ಅಂಗಳಕ್ಕೆ ಹೋದೆ. ಅವಳು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು.

"ತಮ್ಮ ಸಿಟ್ಟು ನನ್ನ ಮೇಲೆ ಇರಲಿ. ಆ ಮುದುಕಿ ತಮಗೇನು ಮಾಡಿತ್ತು? ಗಂಟೆ ಹೊಡ್ಕಂಡು ಹೊಡ್ಕಂಡು ಇವತ್ತು ಮಂಚದಿಂದ ಬಿದ್ದೈತೆ."

ಮೊರ ಅವಳ ಕೈಯಿಂದ ಜಾರಿತು. "ಬಿದ್ರಾ? ದೊಡ್ಡಮ್ಮ ಬಿದ್ರಾ? ಪೆಟ್ಟಾತಾ?" ಎಂದು ಎದ್ದು ನಿಂತಳು. ಆಮೇಲೆ ಮುಖ ಗಂಟಿಕ್ಕಿ, "ಗಂಟೆನಾ? ಯಾವ ಗಂಟೆನೋ? ಗಂಟೆ ಎಲ್ಲಿ ಬಂತು?" ಅಂದಳು.

"ಹತ್ತಿ ಇಟ್ಕೊಂಡ್ರೆ ಹೇಗೆ ಕೇಳ್ತದೆ?"

"ಥೂ ನಿನ್ನ. ಹತ್ತಿ ಇಟ್ಕಂಡಿದ್ರೆ ನಿನ್ನ ಪ್ರಿಂಟರಿನ ಕಿರಿಕಿರಿ ದಿನಾ ಯಾಕೆ ಕೇಳ್ತಿತ್ತು? ನಾನು ಬೈದೆ ಅಂತ ಬೇಕಂತಲೇ ಹೊತ್ತಿಲ್ಲ ಗೊತ್ತಿಲ್ಲ ಹಾಕ್ತಿದ್ದೀಯಲ್ಲ, ಬಣ್ಣಬಣ್ಣದ್ದು ಹಾಕ್ತಿದ್ದೀಯಾ ಅಂತಲೂ ಗೊತ್ತು, ಅದಕ್ಕೆ ಸದ್ದು ಉದ್ದ. ಕುಕ್ಕರ್ ಹೇಳ್ಲಿಲ್ಲ, ಹೌದು. ಫೋನು ಹೇಳ್ಲಿಲ್ಲ. ಅದು ನನ್ನ ಸಿಟ್ಟು. ಗಂಟೆ ಬಂದ್ರೆ ಹೇಳದಂಗೆ ಇರ್ತೀನಾ? ನಾನೇನು ಮನುಷ್ಯಳಲ್ವಾ? ಅವತ್ತಿಂದ ಗಂಟೆನೇ ಬರ್ಲಿಲ್ಲ. ನನ್ನ ಕಿವಿಗೆ ಬೀಳಬಾರದು ಅಂತ ನೀನೇ ಅವರ ಕೈಯಿಂದ ಕಿತ್ಕಂಡೆ ಅಂದ್ಕಂಡೆ." ಚೆಲ್ಲಿದ ರಾಗಿಯನ್ನು ಮೊರಕ್ಕೆ ಬಳಿದುಕೊಂಡಳು. "ಒಂದು ವರ್ಷದಿಂದ ಅದನ್ನ ಕೇಳ್ಕಂಡು ಇದ್ದೋಳು ನಾನು. ಮನೆ ಬಿಕೋ ಅಂತಿತ್ತು."

ನಾನು ನಂಬಲಿಲ್ಲ. ಅವಳಿಗೂ ಅದು ತಿಳಿಯಿತು. "ಹೋಗು, ನೀನೇ ಬಾರಿಸು, ಇಲ್ಲಿಂದ ಹೇಳ್ತೀನಿ" ಅಂದಳು. ಮನೆಗೆ ಬಂದು ದೊಡ್ಡಮ್ಮನ ಕೈಯಿಂದ ಗಂಟೆ ತೆಗೆದುಕೊಂಡು ತೋಳು ನೋಯುವಷ್ಟು ಬಾರಿಸಿದೆ. "ಬಂತಾ?" ಎಂದು ಕೂಗಿದೆ. "ಇಲ್ಲ!" ಮತ್ತೆ ಬಾರಿಸಿದೆ. "ಈಗ?" "ಇಲ್ವೋ!" ಸುಳ್ಳು ಹೇಳುವವಳ ಕಂಠ ಅದಲ್ಲ. ಸ್ವಲ್ಪ ತಡೆದು ಅವಳೇ ಕೂಗಿದಳು. "ಪ್ರಿಂಟರ್ ಹಾಕು ನೋಡಾನ."

ಹಾಕಿದೆ. ಹಾಳೆ ಒಳಗೆ ಹೋಯಿತು.

"ಬಂತು. ಕಿರಿಕಿರಿ... ಕಿರ್ರುಕಿರ್ರು" ಎಂದು ತಿದ್ದಿಕೊಂಡಳು. "ಆಮೇಲೆ ಕೊನೆಗೆ ಟಿಣ್ ಅಂತೈತೆ. ಇನ್ನೊಂದು ಹಾಕು. ಹ್ಞೂಂ, ಟಿಣ್. ಅವತ್ತೂ ಹಿಂಗೇ ಇತ್ತು, ಅದನ್ನೇ ಹೇಳಾಕೆ ಬಂದಿದ್ದೆ. ನೀನು ಎಲ್ಲಿ ಬಿಟ್ಟೆ? ಪ್ಲಾಸ್ಟಿಕ್ಕಿನದು ಕಿರ್ರು ಅಂದೀತು, ಟಿಣ್ ಅನ್ನಲ್ಲ. ಒಳಗೆ ಹಿತ್ತಾಳೆದು ಏನೋ ಬಿದ್ದೈತೆ ಕಣೋ."

ಆಮೇಲೆ ನಾವು ಮಾಡಿದ್ದೇ ರಿಪೇರಿ. ಅವಳು ಆಚೆ, ನಾನು ಈಚೆ. ಹಾಳೆಗಳನ್ನೆಲ್ಲ ತೆಗೆದು ಬರೀ ರೋಲರು ತಿರುಗಿಸಿದೆ. "ಈಗ ಕಟಕಟ." ಪ್ರಿಂಟರನ್ನು ಬಲಕ್ಕೆ ವಾಲಿಸಿದೆ. "ಟಿಣ್ ಇಲ್ಲ, ಬರೀ ಕರ್." ಎಡಕ್ಕೆ ವಾಲಿಸಿದೆ. "ಹಾಂ, ಉರುಳ್ತು! ಗೊಳಕ್ ಅಂತು. ಹಿಂದಕ್ಕೆ ಬಂದೈತೆ." ಪ್ಲಗ್ ಕಿತ್ತು, ಪ್ರಿಂಟರನ್ನು ಹೊತ್ತು ತಲೆಕೆಳಗು ಮಾಡಿದೆ. ಸರ್ವಮಂಗಳ ಕೆಳಗೆ ಸೆರಗು ಹಿಡಿದಳು. ಮೊದಲು ಒಂದು ಪಿನ್ನು ಬಿತ್ತು, ಆಮೇಲೆ ಯಾವುದೋ ಹುಡುಗಿಯ ಫೋಟೋದ ಅರ್ಧ ತುಂಡು. ನಾನು ತಟ್ಟೆಯ ಬೆನ್ನಿಗೆ ಮೆಲ್ಲಗೆ ತಟ್ಟಿದೆ. ತೆರೆದ ಬಾಯಿಯಿಂದ ಹುಣಸೆಬೀಜದಷ್ಟು ದಪ್ಪದ ಒಂದು ಹಿತ್ತಾಳೆಯ ಗುಂಡು, ಮೇಲೆ ಸವೆದು ಬಾಯಿಬಿಟ್ಟ ಕೊಕ್ಕೆಯ ಸಮೇತ, ಸೆರಗಿಗೆ ಬಿತ್ತು.

ನಾವಿಬ್ಬರೂ ಅದನ್ನು ನೋಡಿದೆವು. ಪ್ರಿಂಟರಿನಲ್ಲಿ ಇಂಥದೊಂದು ಭಾಗ ಇರುತ್ತದೆಯೇ ಎಂದು ನಾನು ಯೋಚಿಸುತ್ತಿದ್ದೆ. ಆಗ ದೊಡ್ಡಮ್ಮ ಎಡಗೈಯಲ್ಲಿ ಗಂಟೆಯನ್ನು ಎತ್ತಿ ನನ್ನ ಮೂಗಿನ ಮುಂದೆ ಬೋರಲು ಹಿಡಿದಳು. ಒಳಗೆ ಖಾಲಿ. ಗಂಟೆಗೆ ನಾಲಿಗೆ ಇರಲಿಲ್ಲ.

ತಮ್ಮ ಮನೆಯ ಸದ್ದು ತಮ್ಮ ಕಿವಿಗೇ ಕೇಳುವ ಊರಿನವರಾಗಿದ್ದರೆ ಮೊದಲ ಸಲ ಅಲ್ಲಾಡಿಸಿದಾಗಲೇ ಗಂಟೆ ಮೂಕವಾಗಿದೆ ಎಂದು ತಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ಅದು ಯಾವತ್ತೂ ಮೂಕವೇ. ಪ್ರಿಂಟರಿನ ನೆತ್ತಿಯ ಮೇಲಿದ್ದ ಗಂಟೆಯಿಂದ ನಾಲಿಗೆ ಕಳಚಿ ಕಾಗದದ ಬಾಯಿಗೆ ಬಿದ್ದಿತ್ತು. ಬಾರಿಸಿದರೂ ಯಾರೂ ಬಾರದಿದ್ದಾಗ ಗಂಟೆಯನ್ನು ಬೋರಲು ಹಿಡಿದು ನೋಡಿ ಅದನ್ನು ಕಂಡುಕೊಂಡವಳು ದೊಡ್ಡಮ್ಮ ಒಬ್ಬಳೇ. ಅವಳು ದಿನವೂ ಗಂಟೆ ತೋರಿಸಿ ಪ್ರಿಂಟರು ತೋರಿಸಿದಳು. ನಾನು ದಿನವೂ ಹಾಳೆ ಹಾಕಿದೆ, ಅವಳ ಗಂಟೆಯ ನಾಲಿಗೆ ದಿನವೂ ರೋಲರಿನ ಕೆಳಗೆ ಅರೆದುಕೊಂಡು ಹಾಲಕ್ಕನ ಮನೆಯಲ್ಲಿ ಟಿಣ್ ಎಂದಿತು. ಕೊನೆಗೆ ತಾನೇ ತೆಗೆಯುತ್ತೇನೆಂದು ಎದ್ದು ಬಿದ್ದಳು. ನನಗೆ ನಾಚಿಕೆಯಾಯಿತು. ಅವಳ ಕಾಲು ಹಿಡಿದುಕೊಂಡೆ. ಅವಳು ಎಡಗೈಯಲ್ಲಿ ನನ್ನ ತಲೆಗೆ ಒಂದು ಕುಟ್ಟಿದಳು, ಪ್ರಿಂಟರಿಗೆ ಕುಟ್ಟಿದಷ್ಟೇ ಜೋರಾಗಿ.

ಹಾಲಕ್ಕ ಅಷ್ಟರಲ್ಲಿ ಕಾಲಿಗೆ ಚಪ್ಪಲಿಯೂ ಇಲ್ಲದೆ ಬಂದಿದ್ದಳು. ದೊಡ್ಡಮ್ಮನ ಹಣೆಯ ಬುಗುಟು ನೋಡಿ ನನ್ನನ್ನು ಬೈದಳು, ತನ್ನನ್ನೂ ಬೈದುಕೊಂಡಳು, ಮಂಚದ ಮೇಲೆ ಕೂತು ಬೆಚ್ಚನೆಯ ಬಟ್ಟೆ ಒತ್ತಿದಳು. "ನಾನಾದ್ರೂ ಬಂದು ಕೇಳಬೇಕಿತ್ತು. ಹಾಳು ಹಟ" ಅಂದಳು. "ತಪ್ಪಾಯ್ತು ಹಾಲಕ್ಕ, ಆ ಮಾತು ಆಡಬಾರದಿತ್ತು" ಎಂದೆ. "ಆಡಿದ್ದೀಯಲ್ಲ, ಇನ್ನೇನು ಮಾಡ್ತೀಯ. ತಂತಿ ತಗಂಡು ಬಾ" ಅಂದಳು. ಸರ್ವಮಂಗಳ ಅವಳನ್ನು ಊಟಕ್ಕೆ ನಿಲ್ಲಿಸಿಕೊಂಡು ಕುಕ್ಕರ್ ಇಟ್ಟಳು. ನಾನು ತಾಮ್ರದ ತಂತಿಯಿಂದ ನಾಲಿಗೆಯನ್ನು ಗಂಟೆಗೆ ಬಿಗಿದೆ.

ಬಿಗಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾರಿಸಿದರೆ ಕೇಳುವವಳು ಇಲ್ಲೇ ಕೂತಿದ್ದಾಳೆ. "ಯಾರಾದ್ರೂ ನಮ್ಮನೆಗೆ ಹೋಗ್ರಪ್ಪ" ಅಂದಳು ಹಾಲಕ್ಕ, ದೊಡ್ಡಮ್ಮನ ಕೈ ಬಿಡದೆ. ಸರ್ವಮಂಗಳ ಒಗ್ಗರಣೆಗೆ ನಿಂತಿದ್ದಳು. ಉಳಿದವನು ನಾನು. "ನಮ್ಮನೆ ಸದ್ದು ನಾನು ಕೇಳಬಾರದಲ್ಲ" ಎಂದೆ. "ಮಠಕ್ಕೆ ಹೋಗೋ ಮುಖ ಅಲ್ಲ ನಿಂದು, ಹೋಗು. ಹಂಗೇ ಕುಕ್ಕರ್ ಮೂರಾದ ಮ್ಯಾಲೆ ಕೂಗಿ ಹೇಳು" ಅಂದಳು.

ಹಾಲಕ್ಕನ ಅಡುಗೆಮನೆಯಲ್ಲಿ ಮಣೆ ಎಳೆದುಕೊಂಡು ಕೂತೆ. ಮೊದಲು ಕೇಳಿದ್ದು ಪಾತ್ರೆ. ಸರ್ವಮಂಗಳ ತಟ್ಟೆ ಇಡುತ್ತಿರಲಿಲ್ಲ, ಒಗೆಯುತ್ತಿದ್ದಳು. ಒಂದೊಂದು ತಟ್ಟೆಯೂ ನನ್ನ ಹೆಸರಿನಲ್ಲಿ ನೆಲಕ್ಕೆ ಬೀಳುತ್ತಿತ್ತು. ಇಷ್ಟು ವರ್ಷ ಅವಳನ್ನು ತಣ್ಣನೆಯ ಹೆಂಗಸು ಎಂದುಕೊಂಡಿದ್ದೆ. ಆಮೇಲೆ ಯಾರೋ ಪ್ರಿಂಟರು ಹಾಕಿದರು. ಸುಯ್ ಎಂದು ಶುರುವಾಗಿ ಸರಕ್ ಎಂದು ಮುಗಿಯಿತು, ಕಿರ್ರೂ ಇಲ್ಲ ಟಿಣ್ಣೂ ಇಲ್ಲ. ಕುಕ್ಕರು ಒಂದು ಕೂಗಿತು. ನಾನು ಬೆರಳು ಮಡಿಚಿದೆ.

ಆಗ ಗಂಟೆ ಬಂತು. ಟಿಣ್ ಟಿಣ್, ಟಿಣ್ ಟಿಣ್, ಎಂದು ಗಿಡ್ಡಕ್ಕೆ ಎರಡು ಸಲ. ಆಮೇಲೆ ಕೈ ಸೋಲುವವರೆಗೂ ಬಿಡದೆ ಟಿಣಿಣಿಣಿಣಿಣೀ ಎಂದು ಉದ್ದಕ್ಕೆ.

ನಾನು ಗೋಲಿ ಬಿಟ್ಟು ಓಡಿಬರುತ್ತಿದ್ದ ಕರೆ ಅದು. ಕಟ್ಟೆಯ ಮೇಲೆ ನಿಂತವಳ ದನಿ. ರುದ್ರಾ, ರುದ್ರಾ, ಮುನೀ. ಮತ್ತೆ ಬಂತು. ಒಂದು ವರ್ಷದಿಂದ ಈ ಮುದುಕಿ ನನ್ನ ಹೆಸರು ಹಿಡಿದೇ ಕರೆಯುತ್ತಿದ್ದಳು. ಅದನ್ನು ದಿನವೂ ಕೇಳಿದ್ದು ಹಾಲಕ್ಕ. ನನಗೆ ತಲುಪುತ್ತಿದ್ದದ್ದು 'ನಿನ್ನನ್ನೇ ಅಂತೆ' ಎನ್ನುವುದು ಮಾತ್ರ. ನಾನು ಹಾಲಕ್ಕನ ರಾಗಿ ಡಬ್ಬಕ್ಕೆ ಒರಗಿಕೊಂಡು ಅತ್ತೆ.

"ಬಂತೇನೋ?" ಎಂದು ಹಾಲಕ್ಕ ಆಚೆಯಿಂದ ಕೂಗಿದಳು. ನಾನು ಮುಖ ಒರೆಸಿಕೊಂಡೆ. ಗಂಟೆ ಮತ್ತೆ ಕರೆಯಿತು. "ಲೋ, ಬಂತಾ ಅಂದ್ರೆ!"

"ಬಂತು."

"ಯಾರನ್ನಂತೆ?"

"ನನ್ನನ್ನೇ ಅಂತೆ."

"ಮತ್ತೆ ಅಲ್ಲೇ ಕೂತಿದ್ದೀಯಲ್ಲೋ, ಬಾ!"

ಹಾಲಕ್ಕನ ಮಾತು ಮುಗಿಯುವ ಮೊದಲೇ ಸರ್ವಮಂಗಳಳ ದನಿ ಬಂತು. "ರೀ, ಕುಕ್ಕರ್ ಎಷ್ಟಾಯ್ತು?" ನಾನು ಬೆರಳು ನೋಡಿಕೊಂಡೆ. ಒಂದೇ ಮಡಿಚಿತ್ತು. ಅದಾದ ಮೇಲೆ ಎಷ್ಟು ಕೂಗಿತ್ತೋ ದೇವರಿಗೇ ಗೊತ್ತು. ಗೊತ್ತಿಲ್ಲ ಎಂದು ಕೂಗಿ ಹೇಳಿ, ಗೋಡೆ ಹಾರಿ ಮನೆಗೆ ಓಡಿದೆ.

ಆವತ್ತು ಬೇಳೆ ಅಂಬಲಿಯಾಗಿತ್ತು. ದೊಡ್ಡಮ್ಮ ಎರಡು ಸಲ ಹಾಕಿಸಿಕೊಂಡಳು.